ಲವ್ ಬರ್ಡ್ ಮೊಟ್ಟೆ ಇಡುತ್ತದಾ, ಹುಷಾರು ತಪ್ಪಿದೆಯಾ? ತಿಳಿಯುವುದು ಹೇಗೆ

ಒಂದು ಬೆಳಿಗ್ಗೆ ಮಂಡ್ಯದಿಂದ ತಮ್ಮನ ಮಗಳ ಫೋನು. "ಅತ್ತೆ, ಚಿನ್ನಿಗೆ ಹೊಟ್ಟೆ ಕೆಟ್ಟೋಗೈತೆ. ಇಷ್ಟಿಷ್ಟ್ ದಪ್ಪ ಹಿಕ್ಕೆ ಹಾಕ್ತಾವ್ಳೆ. ನಾತ ಬೇರೆ."

ಚಿನ್ನಿ ಅಂದರೆ ಅವರ ಮನೆಯ ಹಸಿರು ಲವ್ ಬರ್ಡ್. ಹೋದ ವರ್ಷ ಬೇಸಿಗೆ ರಜೆಯಲ್ಲಿ ಹುಡುಗಿ ಹಟ ಮಾಡಿ ತರಿಸಿಕೊಂಡದ್ದು. ಹಕ್ಕಿ ಮಾರಿದ ಅಂಗಡಿಯವರಿಗೆ ಫೋನ್ ಮಾಡಿದರೆ, ಭೇದಿ ಇರಬೇಕು, ನೀರಿಗೆ ಬೆರೆಸಿ ಕುಡಿಸಿ ಅಂತ ಒಂದು ಹಳದಿ ಪುಡಿ ಕೊಟ್ಟು ಕಳಿಸಿದ್ದರಂತೆ. ಫೋಟೊ ಕಳಿಸು ಅಂದೆ. ಪಂಜರದ ತಳದ ನ್ಯೂಸ್ ಪೇಪರ್ ಚಿಂದಿಚಿಂದಿ. ಕೊಕ್ಕಿನ ಮೇಲಿನ ಮೂಗು ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು. ಬಾಲದ ಬುಡ ಉಬ್ಬಿತ್ತು.

"ಪುಡಿ ಎತ್ತಿಡು ಕಣೆ. ಭೇದಿ ಅಲ್ಲ ಅದು, ಮೊಟ್ಟೆ ಇಡೋ ಹೊತ್ತು ಬಂದಿದೆ."

"ಗಂಡೇ ಇಲ್ವಲ್ಲ ಅತ್ತೆ!"

ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ನಾಲ್ಕು ಮನೆಯಲ್ಲಿ ಲವ್ ಬರ್ಡ್ಸ್ ಇವೆ. ನಾಲ್ಕೂ ಮನೆಯವರು ಒಂದಲ್ಲ ಒಂದು ದಿನ ಇದೇ ಗೊಂದಲಕ್ಕೆ ಬಿದ್ದವರು. ಮೊಟ್ಟೆಗೆ ತಯಾರಾಗುವ ಹಕ್ಕಿ ನೋಡುವವರ ಕಣ್ಣಿಗೆ ಕಾಯಿಲೆ ಬಿದ್ದಂತೆ ಕಾಣುತ್ತದೆ. ನಿಜವಾಗಿ ಕಾಯಿಲೆ ಬಿದ್ದಾಗ "ಮೊಟ್ಟೆ ಇಡುತ್ತೇನೋ" ಅಂತ ಸುಮ್ಮನಿದ್ದುಬಿಡುತ್ತೇವೆ. ಎರಡರ ಬೆಲೆಯನ್ನೂ ತೆರುವುದು ಹಕ್ಕಿಯೇ.

ಮೊದಲು, ಇದು ಯಾವ ಹಕ್ಕಿ?

ನಮ್ಮ ಕಡೆ ಲವ್ ಬರ್ಡ್ಸ್ ಅಂತ ಮಾರುವುದು ಬಹುಪಾಲು ಬಜರಿಗಾರ್ ಎಂಬ ಆಸ್ಟ್ರೇಲಿಯಾದ ಪುಟ್ಟ ಗಿಳಿ. ಉದ್ದ ಬಾಲ, ಕತ್ತಿನಿಂದ ಬೆನ್ನಿನ ತನಕ ಅಲೆ ಅಲೆಯಾದ ಕಪ್ಪು ಗೆರೆ. ತೂಕ 30ರಿಂದ 40 ಗ್ರಾಂ. ಸಾಕುವವರು ಮುದ್ದಿಗೆ ಬಜ್ಜಿ ಅನ್ನುತ್ತಾರೆ. ಮಳೆ ಸಂಜೆಯಲ್ಲಿ ನಮಗೆ ಬೇರೆ ಬಜ್ಜಿ ನೆನಪಾಗುವುದರಿಂದ ಇಲ್ಲಿ ಲವ್ ಬರ್ಡ್ ಅಂತಲೇ ಇಟ್ಟುಕೊಳ್ಳೋಣ.

ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಮೋಟು ಬಾಲ, ದಪ್ಪ ಕೊಕ್ಕು. ಅದರ ಹೆಣ್ಣು ಕಾಗದವನ್ನು ದರ್ಜಿಯಂತೆ ಉದ್ದುದ್ದ ಪಟ್ಟಿಯಾಗಿ ಕತ್ತರಿಸುತ್ತದೆ. ಒಂದು ಜಾತಿಯದಂತೂ ಆ ಪಟ್ಟಿಗಳನ್ನು ಸೊಂಟದ ಗರಿಗಳಿಗೆ ಸಿಕ್ಕಿಸಿಕೊಂಡು ಗೂಡಿಗೆ ಸಾಗಿಸುತ್ತದೆ. ಬಜರಿಗಾರ್‌ಗೆ ಇಷ್ಟು ಕಸುಬು ಗೊತ್ತಿಲ್ಲ. ಕಾಡಿನಲ್ಲಿ ಅದು ಮರದ ಪೊಟರೆಯಲ್ಲಿ ಬರೀ ಮರದ ಮೇಲೇ ಮೊಟ್ಟೆ ಇಡುತ್ತದೆ. ಪಂಜರದಲ್ಲಿ ಪೇಪರ್ ಹರಿಯುವುದು ಪೊಟರೆ ಕೆರೆಯುವ ಹಳೇ ಚಾಳಿ.

ಇನ್ನು ತೆಂಗಿನ ಮರದ ಮೇಲೆ ಕಿರುಚುವ ನಮ್ಮೂರ ಹಸಿರು ಗಿಳಿ. ಅದನ್ನು ಸಾಕುವಂತೆಯೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಇಲ್ಲಿ ಅದರ ಮಾತು ಬೇಡ.

ಮೂಗು ಹೇಳುವ ಮಾತು

ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಗಳಿರುವ ಮೆತ್ತನೆ ಪಟ್ಟಿ ಇದೆಯಲ್ಲ, ಅದಕ್ಕೆ ಸಿಯರ್ ಅನ್ನುತ್ತಾರೆ. ನಾವು ಮೂಗು ಅಂತಲೇ ಕರೆಯೋಣ. ದೊಡ್ಡ ಗಂಡಿಗೆ ಅದು ಗಾಢ ನೀಲಿ. ಹೆಣ್ಣಿಗೆ ಸಾಮಾನ್ಯ ದಿನಗಳಲ್ಲಿ ಬಿಳಿಚಿಕೊಂಡ ತಿಳಿ ನೀಲಿ, ಇಲ್ಲವೇ ತಿಳಿ ಕಂದು. ಹೆಣ್ಣಿನ ಮೈ ಮೊಟ್ಟೆಗೆ ಹದವಾಗುತ್ತಾ ಬಂದಂತೆ ಬಣ್ಣ ಕಡುವಾಗುತ್ತದೆ, ದಪ್ಪಗಾಗುತ್ತದೆ, ಒಣಗಿದ ಹುಣ್ಣಿನ ಹಕ್ಕಳೆಯಂತೆ ಒರಟಾಗುತ್ತದೆ. ಎಷ್ಟೋ ಜನ ಅದನ್ನು ಚರ್ಮದ ರೋಗ ಅಂತ ತಿಳಿದು ಎಣ್ಣೆ ಸವರುತ್ತಾರೆ, ಉಗುರಿನಿಂದ ಕೀಳಲು ಹೋಗುತ್ತಾರೆ. ಬಿಟ್ಟುಬಿಡಿ. ಆ ಹೊತ್ತು ಕಳೆದ ಮೇಲೆ ಪದರ ಪದರವಾಗಿ ತಾನೇ ಉದುರುತ್ತದೆ.

ಮರಿಗಳಲ್ಲಿ ಗಂಡು ಹೆಣ್ಣು ಎರಡರ ಮೂಗೂ ಗುಲಾಬಿ ನೇರಳೆ ಮಿಶ್ರ, ಅಂಗಡಿಯಲ್ಲಿ ನಿಂತು ಹೇಳುವುದು ಕಷ್ಟ. ಪೂರ್ತಿ ಹಳದಿ, ಪೂರ್ತಿ ಬಿಳಿ ಬಣ್ಣದ ಗಂಡುಗಳಿಗೆ ಆ ಗುಲಾಬಿ ಮೂಗು ಸಾಯುವ ತನಕ ಉಳಿಯುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಮೊದಲಿನಿಂದ ನೀಲಿ ಮೂಗಿದ್ದ ಗಂಡಿಗೆ ಇದ್ದಕ್ಕಿದ್ದಂತೆ ಮೂಗು ಕಂದಾದರೆ ಅದಕ್ಕೂ ಮೊಟ್ಟೆಗೂ ಸಂಬಂಧವಿಲ್ಲ. ಒಳಗೆ ಗಡ್ಡೆ ಬೆಳೆಯುತ್ತಿರಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಗಂಡಿಲ್ಲದೆ ಮೊಟ್ಟೆ?

ಅಂಗಡಿಯಿಂದ ತರುವ ಫಾರಂ ಮೊಟ್ಟೆಯನ್ನೇ ತೆಗೆದುಕೊಳ್ಳಿ. ಅದನ್ನಿಟ್ಟ ಕೋಳಿ ಹುಂಜದ ಮುಖ ಕೂಡ ನೋಡಿರುವುದಿಲ್ಲ. ಮೊಟ್ಟೆ ಆಗುವುದಕ್ಕೆ ಗಂಡು ಬೇಡ, ಮೊಟ್ಟೆಯೊಳಗೆ ಮರಿ ಆಗುವುದಕ್ಕೆ ಮಾತ್ರ ಬೇಕು. ಲವ್ ಬರ್ಡ್‌ನದೂ ಇದೇ ಕತೆ.

ಹಾಗಾದರೆ ಒಂಟಿ ಹಕ್ಕಿಗೆ ಮೊಟ್ಟೆ ಇಡುವ ಮನಸ್ಸು ಬರುವುದು ಯಾವಾಗ? ಉತ್ತರ ಆಸ್ಟ್ರೇಲಿಯಾದ ಬಯಲಿನಲ್ಲಿದೆ. ಅಲ್ಲಿ ಮಳೆ ನೆಚ್ಚುವಂತಿಲ್ಲ. ಮಳೆ ಬಿದ್ದಾಗ ಹುಲ್ಲು ಬೀಜ ಕಟ್ಟುತ್ತದೆ, ಈ ಹಕ್ಕಿಗಳು ಗುಂಪುಗುಂಪಾಗಿ ಬಂದಿಳಿದು ಗಡಿಬಿಡಿಯಲ್ಲಿ ಸಂಸಾರ ಹೂಡುತ್ತವೆ. ಮಳೆ ಇಲ್ಲದಿದ್ದರೆ ಮೊಟ್ಟೆಯೂ ಇಲ್ಲ. ಅಂದರೆ ತಿಂಗಳು, ನಕ್ಷತ್ರ ಅಂತ ಕಾಯುವ ಜಾತಿಯಲ್ಲ ಇದು. ನೀರಿದೆ, ಕಾಳಿದೆ, ಬೆಚ್ಚಗಿದೆ, ಕತ್ತಲೆ ಪೊಟರೆ ಸಿಕ್ಕಿದೆ ಅಂದರೆ ಇದೇ ಸುಗ್ಗಿ ಅಂತ ಮೈ ತೀರ್ಮಾನಿಸಿಬಿಡುತ್ತದೆ.

ಈಗ ಚಿನ್ನಿಯ ಮನೆ ನೋಡಿ. ನವಣೆ ಬಟ್ಟಲು ಮೂರು ಹೊತ್ತೂ ತುಂಬಿರುತ್ತದೆ. ಪಾಪ, ಮಲಗಲಿ ಅಂತ ಪಂಜರದಲ್ಲಿ ಒಂದು ಮಡಕೆ ಕಟ್ಟಿದ್ದಾರೆ. ಒಂಟಿ ಅಂತ ಕನ್ನಡಿ ಇಟ್ಟಿದ್ದಾರೆ, ಅದರಲ್ಲಿ ಕಾಣುವ ಹಕ್ಕಿ ಅವಳ ಪಾಲಿಗೆ ಜೋಡಿ. ಪಂಜರ ಇರುವುದು ಹಾಲ್‌ನಲ್ಲಿ, ಧಾರಾವಾಹಿಗಳೆಲ್ಲ ಮುಗಿದು ಟ್ಯೂಬ್‌ಲೈಟ್ ಆರುವುದು ರಾತ್ರಿ ಹನ್ನೊಂದಕ್ಕೆ. ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲೇ 13 ಗಂಟೆ ಮುಟ್ಟುವುದಿಲ್ಲ, ಚಿನ್ನಿಗೆ ಮಾತ್ರ ದಿನಾ 17 ಗಂಟೆ ಬೆಳಕು. ಜೊತೆಗೆ ಹುಡುಗಿ ಪ್ರೀತಿಯಿಂದ ಬೆನ್ನು ಸವರುತ್ತಾಳೆ. ಹೆಣ್ಣು ಹಕ್ಕಿಗೆ ಬೆನ್ನ ಮೇಲಿನ ಸ್ಪರ್ಶ ಅಂದರೆ ಗಂಡು ಹತ್ತಿದಂತೆ. ಮನೆಯವರು ತೋರಿಸಿದ ಅಕ್ಕರೆ ಒಂದೊಂದೂ ಅವಳಿಗೆ "ಇಡು, ಇಡು" ಅಂದಂತೆ ಕೇಳಿಸಿದೆ.

ಹೊಟ್ಟೆಯೊಳಗಿನ ಆಲೆಮನೆ

ಮಂಡ್ಯದವರಿಗೆ ಆಲೆಮನೆ ಗೊತ್ತಲ್ಲ. ಒಂದು ಕಡೆ ಕಬ್ಬು, ಗಾಣ, ಹಾಲು, ಕೊಪ್ಪರಿಗೆ, ಕೊನೆಗೆ ಅಚ್ಚು. ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ. ಮೊಟ್ಟೆ ಆಗುವುದೂ ಹಾಗೇ.

ಬಹುತೇಕ ಹೆಣ್ಣು ಹಕ್ಕಿಗಳಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮಾತ್ರ. ಹಳದಿ ಅಲ್ಲಿ ಕೆಲವು ದಿನ ಬೆಳೆದು, ಕಳಚಿಕೊಂಡು ಒಂದು ಕೊಳವೆಗೆ ಬೀಳುತ್ತದೆ. ಗಂಡಿನ ಬೀಜ ಸೇರುವುದಿದ್ದರೆ ಕೊಳವೆಯ ಬಾಯಲ್ಲೇ ಸೇರಬೇಕು. ಮುಂದೆ ಸಾಗಿದಂತೆ ಸುತ್ತಲೂ ಬಿಳಿ ಲೋಳೆ ಕಟ್ಟುತ್ತದೆ, ಆಮೇಲೆ ತೆಳ್ಳನೆಯ ಪೊರೆ, ಕೊನೆಯ ಚೀಲದಲ್ಲಿ ಸುಣ್ಣದ ಚಿಪ್ಪು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಈ ಚಿಪ್ಪಿನ ಕೆಲಸ. ಕೋಳಿಯಲ್ಲಿ ಹಳದಿ ಬಿದ್ದು ಮೊಟ್ಟೆ ಹೊರಬರುವ ಸುಮಾರು 25 ಗಂಟೆಯಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತದೆ.

ಲವ್ ಬರ್ಡ್ ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಗೋಲಿಗಿಂತ ಒಂಚೂರು ಉದ್ದ, ಅಚ್ಚ ಬಿಳಿ, ತೂಕ ಸುಮಾರು 2 ಗ್ರಾಂ. ಎರಡೇ ಗ್ರಾಂ ಅಲ್ವಾ ಅನ್ನಬೇಡಿ. 35 ಗ್ರಾಂ ಹಕ್ಕಿಗೆ ಎರಡು ಗ್ರಾಂ ಅಂದರೆ, 60 ಕೆಜಿ ತೂಕದ ಹೆಂಗಸು ಮೂರೂವರೆ ಕೆಜಿ ಕೂಸು ಹೆತ್ತಂತೆ. ಅದೂ ದಿನ ಬಿಟ್ಟು ದಿನ, ಸಾಲಾಗಿ ಐದಾರು ಸಲ.

ಸುಳಿವುಗಳು, ಬರುವ ಕ್ರಮದಲ್ಲಿ

ಮೊದಲು ಬದಲಾಗುವುದು ಮೂಗಿನ ಬಣ್ಣ ಮತ್ತು ಸ್ವಭಾವ. ನಿನ್ನೆ ತನಕ ಬೆರಳ ಮೇಲೆ ಕೂರುತ್ತಿದ್ದ ಹಕ್ಕಿ ಕೈ ಹಾಕಿದರೆ ಕಚ್ಚುತ್ತದೆ. ಜೊತೆಯ ಹೆಣ್ಣಿನ ಮೇಲೆ ಜಗಳಕ್ಕೆ ಬೀಳುತ್ತದೆ, ರಕ್ತ ಬರುವ ಮಟ್ಟಕ್ಕೂ ಹೋಗಬಹುದು. ಪೇಪರ್, ಮರದ ಕಡ್ಡಿ, ಮಡಕೆಯ ಬಾಯಿ, ಸಿಕ್ಕಿದ್ದನ್ನೆಲ್ಲ ಕೊರೆಯಲು ಶುರು ಮಾಡುತ್ತದೆ. ಪಂಜರದಿಂದ ಹೊರಗೆ ಬಿಟ್ಟರೆ ಸೀದಾ ಬೀರುವಿನ ಹಿಂದೆ, ಸೋಫಾ ಕೆಳಗೆ, ಕತ್ತಲೆ ಮೂಲೆ ಹುಡುಕಿ ಹೋಗುತ್ತದೆ. ನಮ್ಮ ಬೀದಿಯ ಒಂದು ಹಕ್ಕಿ ಗೋಡೆಗೆ ತೂಗುಹಾಕಿದ್ದ ಶಾಲೆ ಬ್ಯಾಗಿನೊಳಗೆ ಸೇರಿಕೊಂಡು ಮನೆಯವರನ್ನೆಲ್ಲ ಎರಡು ಗಂಟೆ ಹುಡುಕಿಸಿತ್ತು.

ಜೋಡಿ ಇದ್ದರೆ ಇನ್ನೂ ಸುಲಭ. ಗಂಡು ತಲೆ ಮೇಲೆ ಕೆಳಗೆ ಆಡಿಸುತ್ತಾ, ಕೊಕ್ಕಿಗೆ ಕೊಕ್ಕು ತಟ್ಟುತ್ತಾ, ತಾನು ತಿಂದದ್ದನ್ನೇ ಕಕ್ಕಿ ಹೆಣ್ಣಿಗೆ ತಿನ್ನಿಸುತ್ತದೆ. ಹೆಣ್ಣು ಬೆನ್ನು ತಗ್ಗಿಸಿ, ತಲೆಯನ್ನೂ ಬಾಲವನ್ನೂ ಮೇಲೆತ್ತಿ ದೋಣಿಯಂತೆ ನಿಲ್ಲುತ್ತದೆ. ಇದನ್ನು ಕಂಡ ಮೇಲೆ ಹೆಚ್ಚುಕಡಿಮೆ ಎಂಟು ಹತ್ತು ದಿನದಲ್ಲಿ ಮೊದಲ ಮೊಟ್ಟೆ ನಿರೀಕ್ಷಿಸಬಹುದು.

ನಂತರ ಹಸಿವು. ಕಾಳು ಬೇಗ ಖಾಲಿ, ನೀರೂ ಹೆಚ್ಚು. ಇಷ್ಟು ದಿನ ತಿರುಗಿಯೂ ನೋಡದ ಕಟಲ್ ಬೋನನ್ನು (ಸುಣ್ಣಕ್ಕೆ ಅಂತ ಪಂಜರದಲ್ಲಿಡುವ ಚಿಪ್ಪಿನ ತುಂಡು) ಗರಗರ ಉಜ್ಜುವ ಸದ್ದು ಕೇಳಿಸುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಇದೇ ಅದರ ಕಾಲ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದು ಡಬ್ಬಿಯಲ್ಲಿ ಕೂರಿಸಿ ತೂಕ ಬರೆದಿಡಿ. ಮೊಟ್ಟೆ ಕಟ್ಟುವ ಹಕ್ಕಿಯ ತೂಕ ಕೆಲವೇ ದಿನದಲ್ಲಿ ಕೆಲವು ಗ್ರಾಂ ಏರುತ್ತದೆ. ಕಾಯಿಲೆ ಬಿದ್ದ ಹಕ್ಕಿಯದು ಸಾಮಾನ್ಯವಾಗಿ ಇಳಿಯುತ್ತದೆ. ನನ್ನ ಕೇಳಿದರೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ.

ಕೊನೆಯ ಒಂದೆರಡು ದಿನದ ಸುಳಿವು ಹೊಟ್ಟೆ ಮತ್ತು ಹಿಕ್ಕೆ. ಹಕ್ಕಿಯನ್ನು ಪಕ್ಕದಿಂದ ನೋಡಿ. ಕಾಲಿಗೂ ಬಾಲಕ್ಕೂ ನಡುವಿನ ಜಾಗ ಚಪ್ಪಟೆಯಾಗಿ ಇರಬೇಕಾದದ್ದು ದುಂಡಗೆ ಉಬ್ಬಿರುತ್ತದೆ. ಬಾಲ ಉಸಿರಿಗೆ ತಕ್ಕಂತೆ ಸಣ್ಣಗೆ ತೂಗುತ್ತದೆ. ಹಿಡಿದು ಒತ್ತಿ ನೋಡುವ ಆಸೆ ಬೇಡ, ಒಳಗೆ ಮೊಟ್ಟೆ ಒಡೆದರೆ ಪ್ರಾಣಕ್ಕೇ ಕುತ್ತು.

ಹಿಕ್ಕೆಯ ಲೆಕ್ಕ ಹೀಗೆ. ಆರೋಗ್ಯದ ಹಕ್ಕಿ ದಿನಕ್ಕೆ ಹತ್ತಾರು ಸಲ ಸಣ್ಣ ಸಣ್ಣ ಹಿಕ್ಕೆ ಹಾಕುತ್ತದೆ. ಮೊಟ್ಟೆಯ ಹೊತ್ತಿನ ಹೆಣ್ಣು ಗೂಡು ಹೊಲಸಾಗಬಾರದು ಅಂತ ಗಂಟೆಗಟ್ಟಲೆ ತಡೆದಿಟ್ಟುಕೊಂಡು ಒಂದೇ ಸಲಕ್ಕೆ ರಾಶಿ ಹಾಕುತ್ತದೆ. ತಡೆದಿಟ್ಟದ್ದು, ಹಾಗಾಗಿ ನಾತ. ಭೇದಿಯಲ್ಲಾದರೆ ಹಿಕ್ಕೆ ನೀರುನೀರಾಗಿ ಪದೇ ಪದೇ ಬೀಳುತ್ತದೆ, ಬಾಲದ ಬುಡದ ಗರಿಗಳಿಗೆ ಮೆತ್ತಿಕೊಂಡು ಒಣಗಿರುತ್ತದೆ, ಹಕ್ಕಿ ಮಂಕಾಗಿರುತ್ತದೆ. ಚಿನ್ನಿಯದು ದೊಡ್ಡದು, ಆದರೆ ಗಟ್ಟಿ. ದಿನಕ್ಕೆ ಬೆರಳೆಣಿಕೆಯಷ್ಟೇ. ಬುಡ ಚೊಕ್ಕ. ಕೈ ಹಾಕಿದವರನ್ನು ಅಟ್ಟಿಸಿಕೊಂಡು ಬರುವಷ್ಟು ಹುರುಪು. ಹಳದಿ ಪುಡಿ ಬೇಡ ಅಂದದ್ದು ಇದಕ್ಕೆ.

ಸುಣ್ಣದ ಚೀಟಿ

ಹೆಣ್ಣು ಹಕ್ಕಿಯ ಮೈ ಮೊಟ್ಟೆಗೆ ಮುಂಚೆಯೇ ಉದ್ದ ಮೂಳೆಗಳ ಟೊಳ್ಳಿನಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕೂಡಿಡುತ್ತದೆ, ಮನೆಯವರು ಹಬ್ಬಕ್ಕೆ ಅಂತ ತಿಂಗಳು ತಿಂಗಳು ಚೀಟಿ ಕಟ್ಟುವಂತೆ. ಚಿಪ್ಪು ಕಟ್ಟುವಾಗ ಚೀಟಿ ಎತ್ತುತ್ತದೆ. ಕಟ್ಟಿದ್ದು ಕಡಿಮೆ ಇದ್ದರೆ? ಚಿಪ್ಪು ಮೆತ್ತಗಾಗುತ್ತದೆ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಮೊಟ್ಟೆಯನ್ನು ಹೊರಗೆ ತಳ್ಳುವ ಮಾಂಸಖಂಡಕ್ಕೂ ಅದೇ ಸುಣ್ಣ ಬೇಕು.

ಬರೀ ನವಣೆ ತಿನ್ನುವ ಹಕ್ಕಿಯ ಚೀಟಿ ಯಾವಾಗಲೂ ಬಾಕಿ. ಕಟಲ್ ಬೋನ್ ಅನ್ನುವುದು ಸಮುದ್ರದ ಒಂದು ಪ್ರಾಣಿಯ ಒಳಚಿಪ್ಪು, ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಕೇಳಿ. ಅದು ಪಂಜರದಲ್ಲಿ ವರ್ಷವಿಡೀ ಇರಲಿ. ಕೋಳಿ ಮೊಟ್ಟೆಯ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಪುಡಿ ಮಾಡಿ ಇಟ್ಟರೂ ಆಯಿತು. ನುಗ್ಗೆ ಸೊಪ್ಪು, ಕೊತ್ತಂಬರಿ ಸೊಪ್ಪು, ಮೊಳಕೆ ಕಟ್ಟಿದ ಹೆಸರುಕಾಳು ಕೊಡಿ. ರಾಗಿ ಮಂಡ್ಯದವರ ಮನೆಯಲ್ಲಿ ಇಲ್ಲದೇ ಇರುತ್ತದೆಯೇ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಸುಣ್ಣದ ಅಂಶ ಇದೆ, ನವಣೆಗೆ ಒಂದು ಹಿಡಿ ಬೆರೆಸಿ. ಕೊಡಗಿನ ಕಡೆಯಿಂದ ಬರುವ ಬೆಣ್ಣೆ ಹಣ್ಣು ಮಾತ್ರ ಹತ್ತಿರವೂ ತರಬೇಡಿ, ಅವಕಾಡೊ ಗಿಳಿ ಜಾತಿಗೆ ವಿಷ.

ತಿಂದ ಸುಣ್ಣ ಮೈಗೆ ಹತ್ತಲು ಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆ ಬಿಸಿಲಿಗೆ ಪಂಜರವನ್ನು ಜಗಲಿಯಲ್ಲಿಡಿ, ಅರ್ಧಕ್ಕೆ ನೆರಳಿರಲಿ, ಪಕ್ಕದಲ್ಲಿ ಒಬ್ಬರು ಕೂತಿರಿ. ಬೆಕ್ಕಿಗೂ ಕಾಗೆಗೂ ಒಂದೇ ನಿಮಿಷ ಸಾಕು.

ಮೊಟ್ಟೆ ಸಿಕ್ಕಿಕೊಂಡರೆ

ಚಿಪ್ಪು ಕಟ್ಟಿದ ಮೊಟ್ಟೆ ಹೊರಗೆ ಬಾರದೆ ಒಳಗೇ ನಿಂತುಬಿಡುವುದುಂಟು. ಮೊದಲ ಸಲದ ಹಕ್ಕಿ, ವಯಸ್ಸಾದದ್ದು, ಬೊಜ್ಜು ಬಂದದ್ದು, ಸಾಲು ಸಾಲಾಗಿ ಮೊಟ್ಟೆ ಇಟ್ಟು ಸೋತದ್ದು, ಇವಕ್ಕೆ ಅಪಾಯ ಹೆಚ್ಚು. ಚಳಿಯೂ ಒಂದು ಕಾರಣ. ಡಿಸೆಂಬರ್, ಜನವರಿಯ ರಾತ್ರಿ ಪಂಜರ ಹೊರಗಿಡಬೇಡಿ.

ಮೊಟ್ಟೆ ಇಡುವ ಮುನ್ನ ಹಕ್ಕಿ ಸ್ವಲ್ಪ ಹೊತ್ತು ಮೈ ಉಬ್ಬಿಸಿ ಕೂರುವುದು, ತಿಣುಕುವುದು ಸಹಜ. ಆದರೆ ಪಂಜರದ ತಳದಲ್ಲಿ ಕಣ್ಣು ಅರ್ಧ ಮುಚ್ಚಿ ಕೂತಿದೆ, ಬಾಲ ಜೋರಾಗಿ ಪಂಪು ಹೊಡೆದಂತೆ ಆಡುತ್ತಿದೆ, ಬಾಯಿ ತೆರೆದು ಉಸಿರಾಡುತ್ತಿದೆ, ಕಡ್ಡಿ ಹತ್ತಲಾಗದೆ ಕಾಲು ಸೋತಿದೆ ಅಂದರೆ ಅದು ಸಹಜವಲ್ಲ. ಕಾಲಿನ ನರಗಳನ್ನು ಮೊಟ್ಟೆ ಒತ್ತುತ್ತಿರುತ್ತದೆ. ಒಂದೆರಡು ಗಂಟೆ ತಿಣುಕಿಯೂ ಮೊಟ್ಟೆ ಬರಲಿಲ್ಲ ಅಂದರೆ ನಾಳೆ ನೋಡೋಣ ಅನ್ನುವಂತಿಲ್ಲ. ಇಷ್ಟು ಚಿಕ್ಕ ಜೀವಕ್ಕೆ ನಾಳೆ ಅನ್ನುವುದು ಬಹಳ ದೂರ.

ಡಾಕ್ಟರ ಹತ್ತಿರ ಹೋಗುವ ತನಕ ಬೆಚ್ಚಗಿಡಿ. ಪಂಜರದ ಮುಕ್ಕಾಲು ಭಾಗಕ್ಕೆ ಬಟ್ಟೆ ಹೊದಿಸಿ, ಒಂದು ಬದಿಯಲ್ಲಿ ಹಳೇ ಕಾಲದ ಬಿಸಿಯಾಗುವ ಬಲ್ಬನ್ನು ಬಟ್ಟೆಗೆ ತಾಗದಂತೆ ಇಡಿ. ಒಳಗೆ 30 ಡಿಗ್ರಿ ಆಸುಪಾಸು ಇರಲಿ, ಸೆಕೆಯಾದರೆ ಹಕ್ಕಿ ಸರಿಯಲು ಇನ್ನೊಂದು ಬದಿ ತಂಪಾಗಿರಲಿ. ಹತ್ತಿರ ಒಂದು ಬಟ್ಟಲು ಬಿಸಿನೀರಿಟ್ಟರೆ ಗಾಳಿಯಲ್ಲಿ ತೇವ ಬರುತ್ತದೆ. ಎಣ್ಣೆ ಬಿಡುವುದು, ಹೊಟ್ಟೆ ನೀವುವುದು, ಕಂಡ ಮೊಟ್ಟೆಯನ್ನು ಎಳೆಯುವುದು ಬೇಡವೇ ಬೇಡ. ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಯುತ್ತಾರೆ. ಹಸು, ನಾಯಿ ನೋಡುವವರೆಲ್ಲ ಹಕ್ಕಿ ನೋಡುವುದಿಲ್ಲ. ಹಾಗಾಗಿ ಮೂಗು ಕಂದಾದ ದಿನವೇ ಹಕ್ಕಿ ನೋಡುವ ಡಾಕ್ಟರು ಯಾರು, ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಮೊಟ್ಟೆ ಬೇಡ ಅಂದರೆ

ಹೊಟ್ಟೆ ಉಬ್ಬುವ ಮೊದಲಾದರೆ ತಡೆಯಬಹುದು. ಮಡಕೆ ತೆಗೆಯಿರಿ, ಕನ್ನಡಿ ತೆಗೆಯಿರಿ. ಸಂಜೆ ಏಳಕ್ಕೆ ಪಂಜರವನ್ನು ಸದ್ದಿಲ್ಲದ ಕೋಣೆಗೆ ಸಾಗಿಸಿ ಬಟ್ಟೆ ಹೊದಿಸಿ, 12 ಗಂಟೆ ಕತ್ತಲೆ ಸಿಗಲಿ. ಕಾಳನ್ನು ಅಳೆದು ಎರಡು ಹೊತ್ತು ಮಾತ್ರ ಕೊಡಿ. ಪಂಜರದ ಜಾಗವನ್ನೂ ಒಳಗಿನ ಕಡ್ಡಿಗಳನ್ನೂ ಬದಲಾಯಿಸಿ, ಹೊಸ ಜಾಗದಲ್ಲಿ ಹಕ್ಕಿ ಸಂಸಾರಕ್ಕೆ ಹಿಂಜರಿಯುತ್ತದೆ. ಮುದ್ದಿಸುವುದಾದರೆ ತಲೆ, ಕತ್ತು ಮಾತ್ರ. ಜೋಡಿ ಇದ್ದವರು ಒಂದು ವರ್ಷ ತುಂಬದ ಹೆಣ್ಣಿಗೆ ಗೂಡು ಕೊಡಬೇಡಿ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸುವುದೂ ಬೇಡ.

ಹೊಟ್ಟೆ ಉಬ್ಬಿದ ಮೇಲೆ ಮಡಕೆ ಕಿತ್ತರೆ ಪ್ರಯೋಜನವಿಲ್ಲ. ಇರುವ ಮೊಟ್ಟೆ ಬರಲೇಬೇಕು, ನೆಮ್ಮದಿಯಾಗಿ ಬರಲಿ. ಚಿನ್ನಿಯ ಮಡಕೆಯನ್ನು ಬಿಟ್ಟದ್ದೂ ಹೀಗೆಯೇ.

ಮೂರನೇ ದಿನ ಮೊದಲ ಮೊಟ್ಟೆ ಬಂತು. ತಮ್ಮನ ಹೆಂಡತಿ ಅದನ್ನು ತೆಗೆದುಬಿಡೋಣ್ವಾ ಅಂದಳು. ತೆಗೆದರೆ ಲೆಕ್ಕ ಕಮ್ಮಿಯಾಯಿತು ಅಂತ ಹಕ್ಕಿ ಇನ್ನೊಂದು, ಮತ್ತೊಂದು ಇಡುತ್ತಾ ಹೋಗಿ ಸೊರಗುತ್ತದೆ. ಗಂಡಿದ್ದರೆ ಆರೇಳು ದಿನ ಕಾವು ಕೂತ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದರೆ ಮೊಟ್ಟೆಯೊಳಗೆ ಕೆಂಪು ನರ ಕಾಣುತ್ತದೆ, ಸುಮಾರು 18 ದಿನಕ್ಕೆ ಮರಿ. ಇಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಒಂಬತ್ತು ದಿನದಲ್ಲಿ ಐದು ಮೊಟ್ಟೆ. ಹುಡುಗಿ ಕ್ಯಾಲೆಂಡರಿನಲ್ಲಿ ಒಂದೊಂದಕ್ಕೂ ಒಂದು ಸೊನ್ನೆ ಬರೆದಿಟ್ಟಳು. ಚಿನ್ನಿ ಮೂರು ವಾರ ಹಟ ಹಿಡಿದು ಕಾವು ಕೂತಳು, ಆಮೇಲೆ ಒಂದು ಮಧ್ಯಾಹ್ನ ತಾನೇ ಎದ್ದು ಬಂದು ರಾಗಿ ಹೆಕ್ಕತೊಡಗಿದಳು. ಅವತ್ತು ಸಂಜೆ ಮಡಕೆ ಹಿತ್ತಲಿಗೆ ಹೋಯಿತು. ಪಂಜರ ಈಗ ಅಜ್ಜಿಯ ಕೋಣೆಯಲ್ಲಿದೆ, ಅಲ್ಲಿ ಏಳಕ್ಕೇ ಲೈಟು ಆಫ್.